ಕಿಂಗ್ ಕ್ರಿಮ್ಸನ್ ಲೈವ್ ಆಲ್ಬಮ್‌ಗಳು: ಒಂದೇ ಹಾಡನ್ನು ಇಷ್ಟು ಸಲ ಯಾಕೆ ಕೇಳಬೇಕು?

ಪಿಜೆ_ಬಡಾವಣೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ಬಾಸ್ ಗಿಟಾರ್ ಕಲಿಯುತ್ತಿದ್ದೇನೆ. ನಮ್ಮೂರಲ್ಲಿ ಪ್ರೋಗ್ ರಾಕ್ (ಉದ್ದದ, ತೊಡಕು ಲಯದ ರಾಕ್ ಸಂಗೀತ) ಬಗ್ಗೆ ಮಾತಾಡೋಕೆ ಜನ ಸಿಗೋದು ಕಷ್ಟ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ಬ್ಯಾಂಡ್‌ನ 1974ರ ‘ರೆಡ್’ ಆಲ್ಬಮ್ ಕೇಳಿ ಹುಚ್ಚು ಹಿಡಿದ ಹಾಗಾಗಿದೆ. ಅದರ ಕೊನೆಯ ಹಾಡು ‘ಸ್ಟಾರ್‌ಲೆಸ್’ ಇದೆಯಲ್ಲ, 12 ನಿಮಿಷದ್ದು. ನಡುವೆ ಜಾನ್ ವೆಟ್ಟನ್ ಬಾಸ್ ಒಂದೇ ಸಮನೆ ಸುತ್ತುತ್ತಾ ಇರುತ್ತದೆ, ಅದರ ಮೇಲೆ ಗಿಟಾರಿನ ರಾಬರ್ಟ್ ಫ್ರಿಪ್ ಒಂದೇ ಸ್ವರ ಹಿಡಿದು ಮೀಟುತ್ತಾ ಮೆಲ್ಲಗೆ ಮೆಲ್ಲಗೆ ಮೇಲೇರುತ್ತಾರೆ, ನಮಗೆ ಉಸಿರು ಬಿಡೋಕೂ ಆಗುವುದಿಲ್ಲ. ಆ ಭಾಗ ನುಡಿಸೋಕೆ ಹೋಗಿ ಬೆರಳು ನೋವು ಬಂತು. ಅದು ಬೇರೆ ವಿಷಯ.

ಇನ್ನಷ್ಟು ಕೇಳೋಣ ಅಂತ ಆಪ್‌ನಲ್ಲಿ ಹುಡುಕಿದೆ. ಸ್ಟುಡಿಯೋ ಆಲ್ಬಮ್ 13. ಅದು ಸರಿ. ಲೈವ್ ಆಲ್ಬಮ್ ಮಾತ್ರ ಕೆಳಗೆ ಎಳೆದಷ್ಟೂ ಬರುತ್ತಲೇ ಇವೆ. ಅದೇ ‘ಸ್ಟಾರ್‌ಲೆಸ್’, ಅದೇ ‘ಈಸಿ ಮನಿ’, ಅದೇ ‘ಸ್ಕಿಜಾಯ್ಡ್ ಮ್ಯಾನ್’. ಇದು ಸುಮ್ನೆ ಅಭಿಮಾನಿಗಳ ಹತ್ತಿರ ದುಡ್ಡು ಕೀಳುವ ದಾರಿ ಅಲ್ವಾ? ಬೇರೆ ಬ್ಯಾಂಡ್‌ಗಳು ಒಂದೋ ಎರಡೋ ಲೈವ್ ಬಿಟ್ಟು ಸುಮ್ಮನಾಗುತ್ತವೆ. ಇವರಿಗೇನು?

ಇನ್ನೊಂದು ಮಾತು. ಗೆಳೆಯನೊಬ್ಬ ಇವರ ‘ಯುಎಸ್‌ಎ’ ಅನ್ನೋ ಲೈವ್ ಆಲ್ಬಮ್‌ನಿಂದ ಶುರು ಮಾಡು ಅಂದ. ಇನ್ನೊಬ್ಬ ಅದು ತಿದ್ದಿದ ರೆಕಾರ್ಡಿಂಗ್, ನಂಬಬೇಡ ಅಂದ. ಯಾರ ಮಾತು ಕೇಳಲಿ? ನನ್ನ ಹತ್ತಿರ ಇರೋದು ಫೋನು ಮತ್ತು ಒಂದು ಸಾಧಾರಣ ಹೆಡ್‌ಫೋನ್. ಬಾಕ್ಸ್ ಸೆಟ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ.

ಕೋಟೆ_ಕೇಳುಗ (ಚಿತ್ರದುರ್ಗ)

ತಮ್ಮಾ, ನೀನು ‘ರೆಡ್’ ಕೇಳಿದ್ದೀಯ ಅಂದ್ರೆ ಇವರ ಲೈವ್ ಆಗಲೇ ಕೇಳಿಯಾಗಿದೆ. ಅದರಲ್ಲಿ ‘ಪ್ರಾವಿಡೆನ್ಸ್’ ಅಂತ ಒಂದು ಬರುತ್ತದಲ್ಲ, ಪಿಟೀಲಿನಿಂದ ಶುರುವಾಗುವುದು, ಅದು ಸ್ಟುಡಿಯೋದಲ್ಲಿ ಮಾಡಿದ್ದೇ ಅಲ್ಲ. 1974ರ ಜೂನ್ 30ರಂದು ಅಮೆರಿಕದ ಪ್ರಾವಿಡೆನ್ಸ್ ಊರಿನ ವೇದಿಕೆ ಮೇಲೆ ಆ ಕ್ಷಣಕ್ಕೆ ಹುಟ್ಟಿದ್ದು. ಮೊದಲೇ ಬರೆದ ಒಂದು ಸ್ವರವೂ ಇಲ್ಲ. ಮರುದಿನ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಇನ್ನೊಂದು ಕಾರ್ಯಕ್ರಮ. ಅಲ್ಲಿಗೆ ಆ ತಂಡದ ವೇದಿಕೆ ಬದುಕು ಮುಗಿಯಿತು. ಪಿಟೀಲಿನ ಡೇವಿಡ್ ಕ್ರಾಸ್ ಹೊರಗೆ, ಉಳಿದ ಮೂವರು ಸೇರಿ ‘ರೆಡ್’ ಮಾಡಿದರು, ಅದು ಅಂಗಡಿಗೆ ಬರುವ ಮೊದಲೇ ಫ್ರಿಪ್ ಬ್ಯಾಂಡ್ ಮುಚ್ಚಿದರು.

ಇದಕ್ಕಿಂತ ದೊಡ್ಡ ಕಥೆ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ನದ್ದು. ಅದೇ ವರ್ಷ ಮಾರ್ಚ್‌ನಲ್ಲಿ ಬಂತು. ಅಂಗಡಿಯಲ್ಲಿ ಅದು ಸ್ಟುಡಿಯೋ ಆಲ್ಬಮ್. ನಿಜಕ್ಕೂ ಪೂರ್ತಿ ಸ್ಟುಡಿಯೋದಲ್ಲಿ ಆದದ್ದು ಮೊದಲ ಎರಡು ಹಾಡು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ವೇದಿಕೆಯದು, ಚಪ್ಪಾಳೆ, ಕೂಗು ಎಲ್ಲ ಅಳಿಸಿ ಇಟ್ಟಿದ್ದಾರೆ. ಗೊತ್ತಿಲ್ಲದವರಿಗೆ ಇವತ್ತಿಗೂ ಅನುಮಾನ ಬರುವುದಿಲ್ಲ. ಕೊನೆಗೆ ಬರುವ ‘ಫ್ರ್ಯಾಕ್ಚರ್’ 1973ರ ನವೆಂಬರ್ 23ರಂದು ಆಮ್‌ಸ್ಟರ್‌ಡ್ಯಾಮ್‌ನ ಕಾನ್ಸರ್ಟ್‌ಗೆಬೌ ಸಭಾಂಗಣದಲ್ಲಿ ನುಡಿಸಿದ್ದು. ಗಿಟಾರ್ ಹಿಡಿದವರು ಕೇಳಿದರೆ ಕೈ ಕಟ್ಟಿ ಕೂರುತ್ತಾರೆ, ಅಷ್ಟು ಕಷ್ಟದ್ದು. ಅದನ್ನು ಜನರ ಎದುರಿಗೆ, ನಿಲ್ಲಿಸಿ ಮತ್ತೆ ಶುರು ಮಾಡುವ ಅವಕಾಶ ಇಲ್ಲದೆ ನುಡಿಸಿ, ಅದನ್ನೇ ಆಲ್ಬಮ್‌ಗೆ ಹಾಕಿದ ಧೈರ್ಯ ನೋಡು.

ಅದೇ ರಾತ್ರಿಯ ‘ಟ್ರಯೋ’ ಕೇಳಿದ್ದೀಯಾ? ಮೆಲೋಟ್ರಾನ್, ಪಿಟೀಲು, ಬಾಸ್, ಅಷ್ಟೇ. ಡ್ರಮ್ಮರ್ ಬಿಲ್ ಬ್ರೂಫರ್ಡ್ ಅಲ್ಲೇ ಕೂತಿದ್ದರು. ಬಾರಿಸಬೇಕಾ ಬೇಡವಾ ಅಂತ ನೋಡಿ, ಕೋಲುಗಳನ್ನು ಎದೆ ಮೇಲೆ ಅಡ್ಡ ಹಿಡಿದುಕೊಂಡು ಕೊನೆವರೆಗೂ ಸುಮ್ಮನಿದ್ದರು. ಒಂದು ಏಟೂ ಹೊಡೆಯಲಿಲ್ಲ. ಉಳಿದವರು ಆ ತಡೆದುಕೊಂಡದ್ದಕ್ಕೆ ಮರ್ಯಾದೆ ಕೊಟ್ಟು ಅವರ ಹೆಸರನ್ನೂ ಸಂಗೀತ ರಚಿಸಿದವರಲ್ಲಿ ಸೇರಿಸಿದರು. ಬಾರಿಸದೆ ಇದ್ದದ್ದಕ್ಕೆ ಪಾಲು! ಇಂಥದ್ದು ಸ್ಟುಡಿಯೋದಲ್ಲಿ ಆಗುತ್ತದಾ? ಅಲ್ಲಿ ಆಗಿದ್ದರೆ ಊಟದ ಹೊತ್ತಿಗೆ ಒಬ್ಬರು ಬಂದು ಡ್ರಮ್ ಸೇರಿಸಿಬಿಡುತ್ತಿದ್ದರು.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ ನೇರ. ಬೇರೆ ಬ್ಯಾಂಡ್‌ಗಳಿಗೆ ಲೈವ್ ಆಲ್ಬಮ್ ಅಂದ್ರೆ ಪ್ರವಾಸದ ನೆನಪು. ಇವರಿಗೆ ಅದೇ ಅಸಲಿ ಕೆಲಸ, ಸ್ಟುಡಿಯೋದ್ದು ಕರಡು. ನಮ್ಮ ಕಡೆ ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಂದೋಡಿಯವರ ಕೆ.ಬಿ.ಆರ್. ಕಂಪನಿಯ ನಾಟಕಕ್ಕೆ ಅದೇ ಜನ ಮತ್ತೆ ಮತ್ತೆ ಹೋಗುತ್ತಿದ್ದರು. ಕಥೆ ಎಲ್ಲರಿಗೂ ಬಾಯಿಪಾಠ. ಇವತ್ತು ಹಾಸ್ಯದವನು ಏನು ಹೊಸದು ಸೇರಿಸುತ್ತಾನೆ, ಯಾವ ಹಾಡಿಗೆ ಒನ್ಸ್ ಮೋರ್ ಬೀಳುತ್ತದೆ, ಅದಕ್ಕೇ ಹೋಗೋದು.

ಶುರು ಮಾಡೋಕೆ ‘ದಿ ನೈಟ್ ವಾಚ್’ ಹಾಕು. 1997ರಲ್ಲಿ ಬಂತು, ಆ ಆಮ್‌ಸ್ಟರ್‌ಡ್ಯಾಮ್ ರಾತ್ರಿಯದೇ. ಚಪ್ಪಾಳೆ ಸಮೇತ. ಮೊದಲು ಆಲ್ಬಮ್‌ನ ‘ಫ್ರ್ಯಾಕ್ಚರ್’, ಆಮೇಲೆ ಇದರದ್ದು. ಎರಡೂ ಒಂದೇ ಅಂತ ಗೊತ್ತಿದ್ದು ಕೇಳಿದರೆ ಮಜಾ ಬೇರೆ.

ಹಳೇ_ಟೇಪು (ದಾವಣಗೆರೆ)

ಕೋಟೆಯವರು ಹೇಳಿದ್ದು ಎಲ್ಲ ಸರಿ, ಆದ್ರೆ ಅಣ್ಣ, ನೀವು ಯಾವಾಗಲೂ 73-74ರಲ್ಲೇ ಬಿಡಾರ ಹಾಕಿ ಕೂತಿರುತ್ತೀರಿ. ಅದರ ಹಿಂದಿನದನ್ನು ಯಾರೂ ಕೇಳೋದೇ ಇಲ್ಲ.

ನಾನು ಹೇಳೋದು 1972ರ ‘ಅರ್ತ್‌ಬೌಂಡ್’. ಹೌದು, ಅದರ ಸೌಂಡ್ ಕೆಟ್ಟದಾಗಿದೆ. ಮಿಕ್ಸಿಂಗ್ ಡೆಸ್ಕ್‌ನಿಂದ ನೇರ ಕ್ಯಾಸೆಟ್‌ಗೆ ಇಳಿಸಿದ್ದು. ಅಮೆರಿಕದಲ್ಲಿ ಇವರ ಆಲ್ಬಮ್ ಬಿಡುತ್ತಿದ್ದ ಅಟ್ಲಾಂಟಿಕ್ ಕಂಪನಿ ಈ ಸೌಂಡ್ ಇಟ್ಟುಕೊಂಡು ನಾವು ಬಿಡೋದಿಲ್ಲ ಅಂತ ಕೈ ತೊಳೆದುಕೊಂಡಿತು. ಆದ್ರೆ ಅದರ ‘ಸ್ಕಿಜಾಯ್ಡ್ ಮ್ಯಾನ್’ ಒಂದು ಸಲ ಹಾಕಿ ನೋಡಿ. 1969ರ ಮೂಲದಲ್ಲಿ ಧ್ವನಿಯನ್ನು ಬೇಕಂತಲೇ ಒಡೆದು ಕರ್ಕಶ ಮಾಡಿದ್ದರು. ಇಲ್ಲಿ ಟೇಪೇ ಆ ಕೆಲಸ ಮಾಡಿಬಿಟ್ಟಿದೆ. ಹಾಡುವುದು ಬಾಝ್ ಬರೆಲ್. ಆತ ಹಾಡೋಕೆ ಅಂತ ಬಂದವನು, ಬಾಸ್ ಗಿಟಾರ್ ಗೊತ್ತೇ ಇರಲಿಲ್ಲ. ಫ್ರಿಪ್ ಕೂರಿಸಿಕೊಂಡು ಹೇಳಿಕೊಟ್ಟ. ಮುಂದೆ ಅವನೇ ಬ್ಯಾಡ್ ಕಂಪನಿ ಬ್ಯಾಂಡ್‌ನಲ್ಲಿ ಬಾಸ್ ನುಡಿಸಿ ಹೆಸರು ಮಾಡಿದ. ಪಿಜೆ ತಮ್ಮಾ, ಬೆರಳು ನೋವು ಅಂದೆಯಲ್ಲ, ಅದಕ್ಕೆ ಹೇಳಿದೆ.

ಆ ತಂಡಕ್ಕೆ ಫ್ರಿಪ್ ತಲೆಯಲ್ಲಿದ್ದ ಸಂಗೀತ ಬೇಕಿರಲಿಲ್ಲ. ಸ್ಯಾಕ್ಸೋಫೋನ್‌ನ ಮೆಲ್ ಕಾಲಿನ್ಸ್, ಡ್ರಮ್‌ನ ಇಯಾನ್ ವಾಲೇಸ್, ಬರೆಲ್, ಮೂವರಿಗೂ ಜಾಮ್ ಮಾಡೋ (ಮೊದಲೇ ಬರೆಯದೆ ಕೂಡಿ ನುಡಿಸೋ) ಚಟ. ಬ್ಲೂಸ್, ಫಂಕ್. ಫ್ರಿಪ್‌ಗೆ ಬೇರೆ ಏನೋ ಬೇಕು. ಆ ಜಗಳ ಟೇಪಿನಲ್ಲಿ ಕೇಳುತ್ತದೆ. ‘ಗ್ರೂನ್’ನಲ್ಲಿ ವಾಲೇಸ್ ಡ್ರಮ್ ಸೋಲೋವನ್ನು ವಿಸಿಎಸ್3 ಸಿಂಥಸೈಜರ್ ಮೂಲಕ ಹಾಯಿಸಿದ್ದಾರೆ, ಕೊನೆಗೆ ಅದು ಡ್ರಮ್ಮೋ ವಿಮಾನವೋ ಗೊತ್ತಾಗಲ್ಲ. ಮನೆಯವರು ಒಳಗಿಂದ ಬಂದು ಸ್ಪೀಕರ್ ಕೆಟ್ಟಿದೆಯಾ ಅಂತ ಕೇಳಿದರು. ನನಗೆ ಅದೇ ಇಷ್ಟ.

ಚೆನ್ನಾಗಿ ತೊಳೆದು ಇಸ್ತ್ರಿ ಮಾಡಿದ ಲೈವ್ ಆಲ್ಬಮ್ ನನಗೆ ಬೇಡ. ಆ ರಾತ್ರಿ ಏನಾಯಿತೋ ಅದೇ ಬೇಕು.

(ಇದರ ಸಿಡಿಗೆ ಒಮ್ಮೆ ದುಡ್ಡು ಕಳಿಸಿದ್ದೆ. ಬಂದ ಡಬ್ಬಿ ಅದೇ, ಒಳಗಿದ್ದ ಡಿಸ್ಕ್ ಯಾವುದೋ ಭಕ್ತಿಗೀತೆ. ಮಾರಿದವನು ಇವತ್ತಿಗೂ ಫೋನ್ ಎತ್ತುತ್ತಿಲ್ಲ.)

ಲಯ_ವಿದ್ಯಾನಗರ (ದಾವಣಗೆರೆ)

ಭಕ್ತಿಗೀತೆ ಕೇಳಿದಿರಾ ಇಲ್ವಾ ಸರ್, ಅದು ಹೇಳಿ ಮೊದಲು 😄

ನಾನು ಮೃದಂಗ ಕಲಿತವಳು. ಪ್ರೋಗ್‌ಗೆ ಬಂದದ್ದು ಲೆಕ್ಕದ ಆಸೆಗೆ. ಹಾಗಾಗಿ ನನ್ನ ಓಟು ಫ್ರಿಪ್ ಮತ್ತೆ ಕಟ್ಟಿದ 80ರ ದಶಕದ ತಂಡಕ್ಕೆ. ಫ್ರಿಪ್, ಏಡ್ರಿಯನ್ ಬೆಲ್ಯೂ, ಟೋನಿ ಲೆವಿನ್, ಬ್ರೂಫರ್ಡ್. 1981ರಿಂದ 84. ಮೆಲೋಟ್ರಾನ್ ಇಲ್ಲ, ಪಿಟೀಲು ಇಲ್ಲ. ಎರಡು ಗಿಟಾರ್ ಒಂದರೊಳಗೊಂದು ಹೆಣೆದುಕೊಂಡು ಓಡುತ್ತವೆ. ಹಳೇ ಅಭಿಮಾನಿಗಳು ಇದು ಕ್ರಿಮ್ಸನ್ನೇ ಅಲ್ಲ ಅಂತ ಮುಖ ತಿರುಗಿಸಿದರು, ಇವತ್ತಿಗೂ ತಿರುಗಿಸುವವರು ಇದ್ದಾರೆ.

‘ಫ್ರೇಮ್ ಬೈ ಫ್ರೇಮ್’ ತಗೊಳ್ಳಿ. ಅದರ ಗಿಟಾರ್ ಸುತ್ತು 7ರ ಲೆಕ್ಕದ್ದು, ನಮ್ಮ ಮಿಶ್ರ ಛಾಪು ಗೊತ್ತಿದ್ದವರಿಗೆ ಕೈ ತಾನಾಗಿ ತಾಳ ಹಾಕುತ್ತದೆ. ದುಪ್ಪಟ್ಟು ವೇಗದಲ್ಲಿ 14 ಸ್ವರ. ಇಬ್ಬರೂ ಒಟ್ಟಿಗೆ ಹೊರಡುತ್ತಾರೆ. ಆಮೇಲೆ ಒಬ್ಬರು ಒಂದು ಸ್ವರ ಬಿಟ್ಟು 13ರ ಸುತ್ತು ಹಿಡಿಯುತ್ತಾರೆ. ಸುತ್ತು ಸುತ್ತಿಗೂ ಒಂದೊಂದು ಸ್ವರದಷ್ಟು ದೂರವಾಗುತ್ತಾ ಹೋಗುತ್ತಾರೆ. ತಪ್ಪಿದರು ಅಂತ ಅನ್ನಿಸುತ್ತದೆ. ತಪ್ಪಿರುವುದಿಲ್ಲ. ಕೆಳಗೆ ಟೋನಿ ಲೆವಿನ್ ಸ್ಟಿಕ್ ಅಂತ ಒಂದು ವಾದ್ಯ ಹಿಡಿದಿರುತ್ತಾರೆ, ಮೀಟುವುದಿಲ್ಲ, ಎರಡೂ ಕೈ ಬೆರಳುಗಳಿಂದ ತಂತಿ ಮೇಲೆ ಬಡಿಯುವುದು, ಬಾಸೂ ಅದೇ ಮೇಲಿನ ಸ್ವರವೂ ಅದೇ. ಸ್ಟುಡಿಯೋದಲ್ಲಿ ಇದನ್ನು ಮಾಡಬಹುದು ಬಿಡಿ, ಕೂತು ನಿಧಾನಕ್ಕೆ ಜೋಡಿಸಬಹುದು. ವೇದಿಕೆ ಮೇಲೆ ಬೆವರು ಸುರಿಸಿಕೊಂಡು, ಬೆಲ್ಯೂ ಅದರ ಮೇಲೆ ಹಾಡುತ್ತಾ ಬೇರೆ ಇರುತ್ತಾರೆ!

ಅದಕ್ಕೆ ‘ಆಬ್ಸೆಂಟ್ ಲವರ್ಸ್’ ಕೇಳಲೇಬೇಕು. 1984ರ ಜುಲೈ, ಕೆನಡಾದ ಮಾಂಟ್ರಿಯಲ್, ಆ ತಂಡದ ಕೊನೆಯ ಕಾರ್ಯಕ್ರಮ. ಆಮೇಲೆ 10 ವರ್ಷ ಬ್ಯಾಂಡ್ ವೇದಿಕೆ ಹತ್ತಲಿಲ್ಲ. ರೆಕಾರ್ಡಿಂಗ್ ಹೊರಗೆ ಬಂದದ್ದು 1998ರಲ್ಲಿ. ಸೌಂಡ್ ಎಷ್ಟು ಸ್ವಚ್ಛ ಅಂದ್ರೆ ಬ್ರೂಫರ್ಡ್ ಎಲೆಕ್ಟ್ರಾನಿಕ್ ಪ್ಯಾಡ್ ಮುಟ್ಟಿದ್ದು ಯಾವುದು, ಅಸಲಿ ಡ್ರಮ್ ಯಾವುದು ಅಂತ ಬಿಡಿಸಿ ಹೇಳಬಹುದು. ಸಾಧಾರಣ ಹೆಡ್‌ಫೋನ್‌ಗೆ ‘ಅರ್ತ್‌ಬೌಂಡ್’ ಹಾಕಿಸಿ ಹುಡುಗನನ್ನು ಓಡಿಸಬೇಡಿ ಸರ್.

ಕೆರೆ_ಏರಿ (ದಾವಣಗೆರೆ)

ಎಲ್ಲರೂ ಬಯ್ಯಿರಿ ಪರವಾಗಿಲ್ಲ. ಇದು ಸಂಗೀತ ಅಲ್ಲ, ಗಣಿತದ ಪರೀಕ್ಷೆ. 13 ಅಂತೆ, 14 ಅಂತೆ. ಕುಂದವಾಡ ಕೆರೆ ಸುತ್ತ ವಾಕಿಂಗ್ ಮಾಡುವಾಗ ಇದನ್ನು ಹಾಕಿಕೊಂಡರೆ ಕಾಲು ತಪ್ಪಿ ನೀರಿಗೆ ಬೀಳೋದು ಗ್ಯಾರಂಟಿ. ಪ್ರೋಗ್ ಲೈವ್ ಬೇಕಾದರೆ ಯೆಸ್ ಬ್ಯಾಂಡ್‌ನ ‘ಯೆಸ್‌ಸಾಂಗ್ಸ್’ ಕೇಳಿ. 1973ರಲ್ಲೇ ಮೂರು ಎಲ್‌ಪಿ. ಮಧುರವಾಗಿದೆ, ದೊಡ್ಡದಾಗಿದೆ, ಮನಸ್ಸು ತುಂಬುತ್ತದೆ.

ಕೋಟೆ_ಕೇಳುಗ

‘ಯೆಸ್‌ಸಾಂಗ್ಸ್’ ನಾನೂ ಇಟ್ಟುಕೊಂಡಿದ್ದೇನೆ, ಬಯ್ಯುವುದಿಲ್ಲ. ಆದ್ರೆ ಅದರಲ್ಲಿ ಒಂದೆರಡು ಹಾಡಿಗೆ ಡ್ರಮ್ ಬಾರಿಸಿದ್ದು ಇದೇ ಬ್ರೂಫರ್ಡ್. ಉಳಿದದ್ದೆಲ್ಲ ಆಲನ್ ವೈಟ್. ಯಾಕೆ? ಯೆಸ್ ಹೆಸರು, ದುಡ್ಡು ಎರಡೂ ಏರುತ್ತಿದ್ದಾಗ, 1972ರಲ್ಲಿ, ಬ್ರೂಫರ್ಡ್ ಅದನ್ನು ಬಿಟ್ಟು ಕ್ರಿಮ್ಸನ್‌ಗೆ ಬಂದರು. ಯೆಸ್‌ನಲ್ಲಿ ಎಲ್ಲ ಅಳೆದು ತೂಗಿ ನಿಗದಿ ಮಾಡಿದ್ದು, ಪ್ರತಿ ರಾತ್ರಿ ಹೆಚ್ಚು ಕಡಿಮೆ ಅದೇ. ಇಲ್ಲಿ ಮುಂದಿನ ನಿಮಿಷ ಏನು ಅಂತ ಯಾರಿಗೂ ಗೊತ್ತಿಲ್ಲ. ಅವರಿಗೆ ಅದು ಬೇಕಿತ್ತು. ನಿಮಗೆ ಬೇಡ ಅಂದ್ರೆ ತಪ್ಪೇನಿಲ್ಲ ಕೆರೆ ಅಣ್ಣ. ನೀರಿಗೆ ಮಾತ್ರ ಬೀಳಬೇಡಿ.

ಪಿಜೆ_ಬಡಾವಣೆ

ಎಲ್ಲರಿಗೂ ಥ್ಯಾಂಕ್ಸ್. ‘ದಿ ನೈಟ್ ವಾಚ್’ ಕೇಳಿದೆ. ‘ಟ್ರಯೋ’ ಬಂದಾಗ ಬ್ರೂಫರ್ಡ್ ಕಥೆ ತಲೆಯಲ್ಲಿತ್ತು. ಈಗ ಬಾರಿಸುತ್ತಾರೆ, ಈಗ ಬಾರಿಸುತ್ತಾರೆ ಅಂತ ಕಾಯುತ್ತಾ ಕೂತೆ, ಗೊತ್ತಿದ್ದೂ! ಆಮೇಲೆ ‘ದಿ ಗ್ರೇಟ್ ಡಿಸೀವರ್’ ಅಂತ 1992ರ ಸೆಟ್ ಸಿಕ್ಕಿತು, ಅದರ ಶುರುವಿನಲ್ಲಿ ಪ್ರಾವಿಡೆನ್ಸ್ ಕಾರ್ಯಕ್ರಮವೇ ಇದೆ. ‘ಸ್ಟಾರ್‌ಲೆಸ್’ ಶುರುವಿನ ರಾಗವನ್ನು ಆಲ್ಬಮ್‌ನಲ್ಲಿ ಗಿಟಾರ್ ಹಿಡಿಯುತ್ತದೆ, ಇಲ್ಲಿ ಪಿಟೀಲು. ಅದೇ ರಾಗ, ಆದ್ರೆ ತುಂಬಾ ಒಂಟಿಯಾಗಿ ಕೇಳುತ್ತದೆ. ವೆಟ್ಟನ್ ಬಾಸ್ ಅಂತೂ ಸ್ಟುಡಿಯೋದಲ್ಲಿ ಅರ್ಧ ಶಕ್ತಿಗೆ ನುಡಿಸಿದ್ದಾರೆ ಅನ್ನಿಸಿತು. ಈಗ ನನಗೆ ‘ರೆಡ್’ ಸ್ವಲ್ಪ ಸಣ್ಣದಾಗಿ ಕೇಳುತ್ತಿದೆ. ಇದು ನಿಮ್ಮ ತಪ್ಪು.

‘ಯುಎಸ್‌ಎ’ ಬಗ್ಗೆ ಯಾರೂ ಹೇಳಲಿಲ್ಲ. ತಿದ್ದಿದ್ದು ನಿಜವಾ?

ಹಳೇ_ಟೇಪು

ನಿಜ. ಅದನ್ನು ಮುಟ್ಟಲೇಬೇಡ.

ಕೋಟೆ_ಕೇಳುಗ

ಹಳೇ ಟೇಪು, ಹಾಗೆ ಒಂದೇ ಮಾತಿಗೆ ಕೊಡವಿ ಹಾಕಬಾರದು. ‘ಯುಎಸ್‌ಎ’ 1975ರಲ್ಲಿ ಬಂತು, ಬ್ಯಾಂಡ್ ಸತ್ತ ಮೇಲೆ. ಹೆಚ್ಚಿನದು 1974ರ ಜೂನ್ 28ರ, ಆಸ್ಬರಿ ಪಾರ್ಕ್ ಅನ್ನೋ ಊರಿನ ಕಾರ್ಯಕ್ರಮದ್ದು, ‘ಸ್ಕಿಜಾಯ್ಡ್ ಮ್ಯಾನ್’ ಮಾತ್ರ ಪ್ರಾವಿಡೆನ್ಸ್‌ನದ್ದು. ಕೆಲವು ಹಾಡುಗಳಲ್ಲಿ ಕ್ರಾಸ್ ನುಡಿಸಿದ್ದನ್ನು ತೆಗೆದು, ಎಡ್ಡಿ ಜಾಬ್ಸನ್ ಅವರಿಂದ ಸ್ಟುಡಿಯೋದಲ್ಲಿ ಪಿಟೀಲು, ಪಿಯಾನೋ ಸೇರಿಸಿದರು. ತಿದ್ದಿದ್ದು ಅಂದ್ರೆ ಇದು.

ಅದನ್ನು ಒಪ್ಪುತ್ತೇನೆ. ಆದ್ರೆ ಇದು ಇಷ್ಟು ದೊಡ್ಡ ಪಾಪವಾದರೆ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ನಲ್ಲಿ ಜನರ ಸದ್ದು ಅಳಿಸಿದ್ದು ಏನು? ಅಲ್ಲಿ ಲೈವನ್ನು ಸ್ಟುಡಿಯೋ ಅಂತ ತೋರಿಸಿದರು, ಇಲ್ಲಿ ಸ್ಟುಡಿಯೋವನ್ನು ಲೈವ್ ಒಳಗೆ ತೂರಿಸಿದರು. ನನ್ನ ಪ್ರಕಾರ ಕೇಳಬೇಕಾದದ್ದು ಒಂದೇ: ವೇದಿಕೆ ಮೇಲೆ ನಾಲ್ವರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ್ದು ಉಳಿದಿದೆಯಾ? ‘ಯುಎಸ್‌ಎ’ಯ ‘ಆಸ್ಬರಿ ಪಾರ್ಕ್’ ಹಾಕಿ ನೋಡು. ಅದು ಆ ಕ್ಷಣಕ್ಕೆ ಹುಟ್ಟಿದ ತುಣುಕು. ವೆಟ್ಟನ್, ಬ್ರೂಫರ್ಡ್ ಜೋಡಿ ಅಲ್ಲಿ ಮಾಡಿದ್ದನ್ನು ಯಾವ ಜಾಬ್ಸನ್ನೂ ಹಾಳು ಮಾಡೋಕೆ ಆಗುವುದಿಲ್ಲ.

ಹಳೇ_ಟೇಪು

ಅಣ್ಣ, ಜನರ ಸದ್ದು ತೆಗೆಯೋದು ಬೇರೆ, ಒಬ್ಬ ಕಲಾವಿದನನ್ನೇ ತೆಗೆಯೋದು ಬೇರೆ. ಕ್ರಾಸ್ ಪಾಪ, ಮೊದಲೇ ಆ ತಂಡದಲ್ಲಿ ಅವನ ಪಿಟೀಲು ಯಾರಿಗೂ ಕೇಳುತ್ತಿರಲಿಲ್ಲ. ವೆಟ್ಟನ್, ಬ್ರೂಫರ್ಡ್ ಅಷ್ಟು ಜೋರು. ರಾತ್ರಿ ರಾತ್ರಿ ಆ ಗದ್ದಲದಲ್ಲಿ ನಿಂತು ನುಡಿಸಿದವನು, ಕೊನೆಗೆ ಆಲ್ಬಮ್‌ನಲ್ಲೂ ಬೇರೆಯವನ ಪಿಟೀಲು. ನನಗೆ ಇದು ಸರಿ ಕಾಣಲ್ಲ. ಈಗ 2013ರ ‘ದಿ ರೋಡ್ ಟು ರೆಡ್’ ಸೆಟ್‌ನಲ್ಲಿ ಆ ಕಾರ್ಯಕ್ರಮಗಳು ಸೇರ್ಪಡೆ ಏನೂ ಇಲ್ಲದೆ ಬಂದಿವೆ. 20ಕ್ಕೂ ಜಾಸ್ತಿ ಡಿಸ್ಕ್. ಹುಡುಗ ಬಾಕ್ಸ್ ಸೆಟ್ ಬೇಡ ಅಂದಿದ್ದಾನೆ, ಅದಕ್ಕೆ ಹೇಳಿರಲಿಲ್ಲ.

ಲಯ_ವಿದ್ಯಾನಗರ

ಈ ವಿಷಯದಲ್ಲಿ ನಾನು ಹಳೇ ಟೇಪು ಸರ್ ಕಡೆ. ಮೊದಲನೇ ಸಲ.

ದುಡ್ಡು ಕೀಳುವುದರ ಬಗ್ಗೆ ಕೇಳಿದ್ದೆಯಲ್ಲ, ಅದಕ್ಕೆ ಇನ್ನೊಂದು ಮಗ್ಗಲು ಇದೆ. ಇವರ ಕಾರ್ಯಕ್ರಮಗಳನ್ನು ಜನ ಕದ್ದು ರೆಕಾರ್ಡ್ ಮಾಡಿ ಮಾರುತ್ತಿದ್ದರು. ಫ್ರಿಪ್‌ಗೆ ಇದರ ಮೇಲೆ ವಿಪರೀತ ಕೋಪ. 1994ರಲ್ಲಿ ಬ್ಯಾಂಡ್ ಮತ್ತೆ ಕೂಡಿ ಅರ್ಜೆಂಟೀನಾದಲ್ಲಿ ನುಡಿಸಿದಾಗ ಹೀಗೇ ಕಳ್ಳ ಸಿಡಿ ಬಂತು, ಅದಕ್ಕೆ ಉತ್ತರವಾಗಿ ಇವರೇ 1995ರಲ್ಲಿ ‘ಬಿ’ಬೂಮ್’ ಬಿಟ್ಟರು. ಅಷ್ಟರಲ್ಲಿ ಫ್ರಿಪ್, ಡೇವಿಡ್ ಸಿಂಗಲ್ಟನ್ ಇಬ್ಬರೂ ಸೇರಿ 1992ರಲ್ಲಿ ಡಿಜಿಎಂ ಅಂತ ಸ್ವಂತ ಕಂಪನಿ ಮಾಡಿಕೊಂಡಿದ್ದರು. ದೊಡ್ಡ ಕಂಪನಿಗಳ ಜೊತೆ ವರ್ಷಗಟ್ಟಲೆ ಜಗಳ ಆಡಿ ಬಂದವರು. 1998ರಲ್ಲಿ ಕಲೆಕ್ಟರ್ಸ್ ಕ್ಲಬ್ ಅಂತ ಶುರು ಮಾಡಿ ಹಳೇ ಕಾರ್ಯಕ್ರಮಗಳನ್ನು ಒಂದೊಂದಾಗಿ ಚಂದಾದಾರರಿಗೆ ಕಳಿಸಿದರು, ಆಮೇಲೆ ಡೌನ್‌ಲೋಡ್. ಕಳ್ಳ ಮಾರುವ ಟೇಪಿಗಿಂತ ಚೆನ್ನಾಗಿರುವುದನ್ನು ನಾವೇ ಕೊಟ್ಟರೆ ಕಳ್ಳನಿಗೆ ಕೆಲಸ ಇರುವುದಿಲ್ಲ ಅಲ್ವಾ? ಆಪ್‌ನಲ್ಲಿ ನಿನಗೆ ಸಿಗೋಕೆ ಶುರುವಾದದ್ದೂ 2019ರಲ್ಲಿ, ಅಲ್ಲಿವರೆಗೆ ಸ್ಪಾಟಿಫೈಗೆ ಇವರು ಆಲ್ಬಮ್‌ಗಳನ್ನೇ ಕೊಟ್ಟಿರಲಿಲ್ಲ.

2014ರ ನಂತರದ ತಂಡವನ್ನೂ ಬಿಡಬೇಡ. ಮೂರು ಡ್ರಮ್ಮರ್. ಅದೂ ವೇದಿಕೆಯ ಮುಂದಿನ ಸಾಲಿನಲ್ಲಿ. ಗಿಟಾರ್, ಬಾಸ್, ಸ್ಯಾಕ್ಸೋಫೋನ್ ಎಲ್ಲ ಹಿಂದೆ ಎತ್ತರದಲ್ಲಿ. ಪ್ಯಾಟ್ ಮ್ಯಾಸ್ಟೆಲಾಟೊ, ಗ್ಯಾವಿನ್ ಹ್ಯಾರಿಸನ್, ಜೊತೆಗೆ ಮೊದಲು ಬಿಲ್ ರೀಫ್ಲಿನ್, ಆಮೇಲೆ ಜೆರೆಮಿ ಸ್ಟೇಸಿ. ಮೂವರೂ ಒಟ್ಟಿಗೆ ಬಡಿದು ಗದ್ದಲ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡುವುದಿಲ್ಲ. ಒಂದೇ ಲಯವನ್ನು ಮೂರು ಪಾಲು ಮಾಡಿ ಹಂಚಿಕೊಳ್ಳುತ್ತಾರೆ, ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು. ನಮ್ಮ ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರ ಮಾತಾಡಿಕೊಳ್ಳುವುದು ಕೇಳಿದ್ದವರಿಗೆ ತಕ್ಷಣ ಹಿಡಿಸುತ್ತದೆ. ‘ಮೆಲ್ಟ್‌ಡೌನ್’ ಅಂತ 2017ರ ಮೆಕ್ಸಿಕೋ ಸಿಟಿ ಕಾರ್ಯಕ್ರಮಗಳದು, ಅದರಿಂದ ಶುರು ಮಾಡು. ಎಡ, ನಡು, ಬಲ, ಮೂರು ಡ್ರಮ್ ಬೇರೆ ಬೇರೆ ಕಡೆಯಿಂದ ಬರುತ್ತವೆ, ಹೆಡ್‌ಫೋನ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬಲ ಎಡ ಅದಲು ಬದಲು ಮಾಡಿ ಹಾಕಿಕೊಳ್ಳಬೇಡ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ)

ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು.

ಆ ಕೊನೆಯ ತಂಡದ ಕಾರ್ಯಕ್ರಮದಲ್ಲಿ ಯಾರೂ ಫೋಟೋ ತೆಗೆಯುವ ಹಾಗಿರಲಿಲ್ಲ, ರೆಕಾರ್ಡ್ ಅಂತೂ ಮಾಡುವ ಹಾಗೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಟೋನಿ ಲೆವಿನ್ ತಮ್ಮ ಕ್ಯಾಮೆರಾ ತೆಗೆದು ಜನರ ಕಡೆ ತಿರುಗಿಸುತ್ತಿದ್ದರು. ಅದೇ ಸೂಚನೆ. ಆಗ ಜನರೂ ತೆಗೆಯಬಹುದಿತ್ತು. ಇದನ್ನು ಕೇಳಿ ಕೆಲವರು ಫ್ರಿಪ್‌ಗೆ ಸೊಕ್ಕು ಅಂತಾರೆ. ನಮ್ಮ ಕಡೆ ಮದುವೆ, ಜಾತ್ರೆ, ಸಂಗೀತ ಕಾರ್ಯಕ್ರಮ ಎಲ್ಲ ಕಡೆ ಮುಂದಿನವರ ಫೋನ್ ಪರದೆಯಲ್ಲೇ ನೋಡಿ ಬರುವ ನನಗೆ ಅದು ಸೊಕ್ಕು ಅನ್ನಿಸುವುದಿಲ್ಲ.

ಇನ್ನೊಂದು. ಕೋಟೆಯವರು ಮೆಲೋಟ್ರಾನ್ ಹೆಸರು ಹೇಳಿ ಮುಂದೆ ಹೋಗಿಬಿಟ್ಟರು. ಹೊಸಬರಿಗೆ ಅದು ಗೊತ್ತಿರುವುದಿಲ್ಲ. ನೋಡೋಕೆ ಹಾರ್ಮೋನಿಯಂ ತರಹ ಮನೆಗಳಿರುತ್ತವೆ, ಒಳಗೆ ಪ್ರತಿ ಮನೆಗೆ ಒಂದು ಟೇಪಿನ ಪಟ್ಟಿ. ಮನೆ ಒತ್ತಿದರೆ ಆ ಟೇಪು ಓಡುತ್ತದೆ, ಅದರಲ್ಲಿ ಮೊದಲೇ ರೆಕಾರ್ಡ್ ಮಾಡಿದ ಪಿಟೀಲು ತಂಡದ ಸ್ವರ ಇರುತ್ತದೆ. 8 ಸೆಕೆಂಡ್ ಅಷ್ಟೇ, ಆಮೇಲೆ ಟೇಪು ಮುಗಿಯಿತು, ಬೆರಳು ಎತ್ತಬೇಕು. ಕರೆಂಟ್ ಏರುಪೇರಾದರೆ ಮೋಟಾರು ಏರುಪೇರು, ಶ್ರುತಿಯೂ ಏರುಪೇರು. ನಮ್ಮೂರ ವೋಲ್ಟೇಜಿಗೆ ಅದು ಒಂದು ಸಂಜೆಯೂ ತಡೆಯುತ್ತಿರಲಿಲ್ಲ. ಇದನ್ನು ಹೊತ್ತುಕೊಂಡು ದೇಶ ದೇಶ ಸುತ್ತಿದ್ದಾರೆ. ಹಳೇ ಲೈವ್‌ಗಳಲ್ಲಿ ಮೆಲೋಟ್ರಾನ್ ಸ್ವಲ್ಪ ಹುಳಿಯಾಗಿ, ಸ್ವಲ್ಪ ಕೆಳಗೆ ಜಾರಿ ಕೇಳುವುದು ಅದಕ್ಕೇ. 1969ರ ರೆಕಾರ್ಡಿಂಗ್‌ಗಳು ‘ಎಪಿಟಾಫ್’ ಅಂತ 1997ರಲ್ಲಿ ಬಂದಿವೆ. ಅಮೆರಿಕದ ಫಿಲ್ಮೋರ್ ಸಭಾಂಗಣಗಳ ಟೇಪುಗಳೂ ಅದರಲ್ಲಿವೆ. ಮೊದಲ ಆಲ್ಬಮ್ ಬಂದು ಸುಮಾರು ಎರಡು ತಿಂಗಳಾಗಿತ್ತು ಅಷ್ಟೇ, ತಂಡ ಒಡೆಯುವ ಹೊತ್ತು ಬಂದಿತ್ತು, ಇಯಾನ್ ಮೆಕ್‌ಡೊನಾಲ್ಡ್ ಮತ್ತು ಮೈಕಲ್ ಜೈಲ್ಸ್ ಬಿಟ್ಟು ಹೋಗುವವರಿದ್ದರು. ಅದು ಗೊತ್ತಿದ್ದು ಕೇಳಿ.

ಕೆರೆ_ಏರಿ

ನಿಮ್ಮ ‘ಮೆಲ್ಟ್‌ಡೌನ್’ ವಾಕಿಂಗ್‌ನಲ್ಲಿ ಹಾಕಿದೆ. ನೀರಿಗೆ ಬೀಳಲಿಲ್ಲ. ಒಂದು ಸುತ್ತು ಜಾಸ್ತಿ ಹಾಕಿದೆ, ಅಷ್ಟು ಸಾಕಾ? ಆದರೂ ‘ಯೆಸ್‌ಸಾಂಗ್ಸ್’ ಮೇಲು.

ಪಿಜೆ_ಬಡಾವಣೆ

ಕೊನೆಯ ಪ್ರಶ್ನೆ. ಒಬ್ಬೊಬ್ಬರೂ ಒಂದೇ ಒಂದು ‘ಸ್ಟಾರ್‌ಲೆಸ್’ ಆರಿಸಿದರೆ ಯಾವುದು? ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಸಾಲಾಗಿ ಹಾಕಿಕೊಳ್ಳುತ್ತೇನೆ.

ಕೋಟೆ_ಕೇಳುಗ

ಪ್ರಾವಿಡೆನ್ಸ್. ಬೇರೆ ಮಾತೇ ಇಲ್ಲ. ನೀನು ಆಗಲೇ ಕೇಳಿದ್ದೀಯ, ಮತ್ತೆ ಕೇಳು. ಈ ಸಲ ಬಾಸ್ ಬಿಟ್ಟು ಬ್ರೂಫರ್ಡ್ ಕಡೆ ಕಿವಿ ಇಡು. ನಡುವಿನ ಭಾಗದಲ್ಲಿ ಬಾಸು 13ರ ಲೆಕ್ಕದಲ್ಲಿ ಸುತ್ತುತ್ತಿದ್ದರೆ, ಆತ ಎಷ್ಟೋ ಹೊತ್ತು ತಾಳವನ್ನೇ ಹಿಡಿಯುವುದಿಲ್ಲ, ಅಲ್ಲಿ ಇಲ್ಲಿ ಸಣ್ಣ ಸಣ್ಣ ಸದ್ದು ಮಾಡುತ್ತಾ ಆಟ ಆಡುತ್ತಿರುತ್ತಾರೆ.

ಲಯ_ವಿದ್ಯಾನಗರ

ನನ್ನದು ‘ರ‍್ಯಾಡಿಕಲ್ ಆ್ಯಕ್ಷನ್’ನಲ್ಲಿರುವುದು, 2016ರಲ್ಲಿ ಬಂದದ್ದು. ಆ ಸೆಟ್‌ನಲ್ಲೂ ಜನರ ಸದ್ದು ಅಳಿಸಿದ್ದಾರೆ, ಕೋಟೆಯವರೇ, ನಿಮ್ಮ 1974ರ ಉಪಾಯವೇ. ಮೆಲ್ ಕಾಲಿನ್ಸ್ ಇದ್ದಾರೆ. ‘ರೆಡ್’ನ ‘ಸ್ಟಾರ್‌ಲೆಸ್’ನಲ್ಲಿ ಸ್ಯಾಕ್ಸೋಫೋನ್ ನುಡಿಸಿದ ಅದೇ ಮನುಷ್ಯ, 40 ವರ್ಷದ ಮೇಲೆ.

ಜೋಗಿಮಟ್ಟಿ_ಗಾಳಿ

2021ರ ಡಿಸೆಂಬರ್ 8ರಂದು ಟೋಕಿಯೋದಲ್ಲಿ ಕೊನೆಯ ಕಾರ್ಯಕ್ರಮ. ಕೊನೆಗೆ ನುಡಿಸಿದ್ದು ‘ಸ್ಟಾರ್‌ಲೆಸ್’. ನನಗೆ ಅದೇ ಬೇಕು.

ಹಳೇ_ಟೇಪು

ಎಲ್ಲರೂ ಚೆನ್ನಾಗಿ ಕೇಳುವುದನ್ನೇ ಆರಿಸಿದ್ದೀರಿ. ತಮ್ಮಾ, ‘ರೋಡ್ ಟು ರೆಡ್’ ಕಾಲದ ಟೇಪುಗಳಲ್ಲಿ ಸೌಂಡ್ ಮಬ್ಬಾಗಿರುವುದು ಯಾವುದು ಸಿಗುತ್ತದೋ ಅದನ್ನು ಹಾಕು. ಕ್ರಾಸ್ ಪಿಟೀಲು ಎಲ್ಲಿದೆ ಅಂತ ಹುಡುಕಿಕೊಂಡು ಕೇಳಬೇಕು. ಹಿರಿಯೂರು ದಾಟುವ ಹೊತ್ತಿಗೆ ಸಿಗುತ್ತದೆ. ಸಿಗಲಿಲ್ಲ ಅಂದ್ರೆ ಆ ಭಕ್ತಿಗೀತೆ ಡಿಸ್ಕ್ ಕೊಡುತ್ತೇನೆ, ಮನೆಗೆ ಬಾ. ಲಯ ಮೇಡಂ, ಹೌದು, ಕೇಳಿದೆ. ತಬಲಾ ಚೆನ್ನಾಗಿದೆ.